ಚರ್ಮದೊಳಕ್ಕೆ ಸಾಬೂನಿನ ದಾರಿ

ಮುಖ ತೊಳೆದು ಒರೆಸಿಕೊಂಡ ಸ್ವಲ್ಪ ಹೊತ್ತಿಗೆ ಕೆನ್ನೆ ಬಿಗಿಯುತ್ತದೆ. ಚಳಿಗಾಲದಲ್ಲಿ ಮೊಣಕೈ ಕೆಳಗೆ ಉಗುರಿನಿಂದ ಗೀರಿದರೆ ಬಿಳಿ ಗೆರೆ ಮೂಡುತ್ತದೆ. ಸಾಬೂನು ಮೈಯ ಜಿಡ್ಡನ್ನೆಲ್ಲ ತೆಗೆದುಬಿಟ್ಟಿತು ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಆ ಮಾತು ಅರ್ಧ ನಿಜ. ಸಾಬೂನು ಚರ್ಮದಿಂದ ಏನನ್ನು ಒಯ್ದಿತು ಎಂಬುದರಷ್ಟೇ ಚರ್ಮದೊಳಗೆ ಏನನ್ನು ಬಿಟ್ಟುಹೋಯಿತು ಎಂಬುದೂ ಮುಖ್ಯ. ಈ ಎರಡನೆಯ ಪ್ರಶ್ನೆಯನ್ನು ನೇರವಾಗಿ ಕೆಣಕಿದ್ದು 2003ರಲ್ಲಿ ‘ಜರ್ನಲ್ ಆಫ್ ಕಾಸ್ಮೆಟಿಕ್ ಸೈನ್ಸ್’ನಲ್ಲಿ ಬಂದ ಒಂದು ಪ್ರಬಂಧ. ಅಮೆರಿಕದ ಎಂಐಟಿಯ ಡೇನಿಯಲ್ ಬ್ಲ್ಯಾಂಕ್‌ಸ್ಟೈನ್ ಮತ್ತು ಪೀಟರ್ ಮೂರ್, ಸುಧಾಕರ್ ಪುವ್ವಾಡ ಅವರ ಜೊತೆ ಸೇರಿ ಬರೆದದ್ದು. ಇಪ್ಪತ್ತು ವರ್ಷ ದಾಟಿದ ಮೇಲೂ ಅದನ್ನು ಓದಬೇಕಾದ ಕಾರಣವಿದೆ, ಓದುವಾಗ ತಕರಾರು ತೆಗೆಯಬೇಕಾದ ಕಾರಣಗಳೂ ಇವೆ.

ಮೊದಲು ಚರ್ಮದ ವಿಷಯ. ನಮ್ಮ ಮೈಯ ಹೊರಪದರ ಬಹುಪಾಲು ಜಾಗದಲ್ಲಿ 10ರಿಂದ 20 ಮೈಕ್ರಾನ್ ದಪ್ಪ, ಅಂದರೆ ಕೂದಲೆಳೆಗಿಂತಲೂ ತೆಳು. ಸತ್ತ ಚಪ್ಪಟೆ ಕೋಶಗಳು ಹದಿನೈದಿಪ್ಪತ್ತು ಸಾಲಾಗಿ ಇಟ್ಟಿಗೆಗಳಂತೆ ಕೂತಿವೆ; ಸೆರಮೈಡ್, ಕೊಲೆಸ್ಟೆರಾಲ್, ಕೊಬ್ಬಿನಾಮ್ಲಗಳ ಗಾರೆ ಅವನ್ನು ಹಿಡಿದಿಟ್ಟಿದೆ. ಕೋಶಗಳ ಒಳಗೆ ಕೆರಟಿನ್ ಪ್ರೋಟೀನು, ಅದರ ಜೊತೆಗೆ ನೀರನ್ನು ಹಿಡಿದುಕೊಳ್ಳುವ ಅಮೈನೊ ಆಮ್ಲ, ಲ್ಯಾಕ್ಟೇಟ್, ಯೂರಿಯಾ. ಒಂದು ತುದಿಯಲ್ಲಿ ನೀರನ್ನೂ ಇನ್ನೊಂದು ತುದಿಯಲ್ಲಿ ಎಣ್ಣೆಯನ್ನೂ ಬಯಸುವ ಸರ್ಫ್ಯಾಕ್ಟಂಟ್ ಅಣು ಇಲ್ಲಿಗೆ ನುಗ್ಗಿದರೆ ಕೆರಟಿನ್‌ಗೆ ಅಂಟಿಕೊಂಡು ಅದರ ಮಡಿಕೆ ಬಿಚ್ಚುತ್ತದೆ. ಆಗ ಚರ್ಮ ಅತಿಯಾಗಿ ನೀರು ಕುಡಿದು ಊದಿಕೊಳ್ಳುತ್ತದೆ. ನೀರು ಹಿಡಿಯುವ ಸಾಮಗ್ರಿ ತೊಳೆದುಹೋಗುತ್ತದೆ, ಗಾರೆ ಸಡಿಲವಾಗುತ್ತದೆ. ಒರೆಸಿಕೊಂಡ ಮೇಲೆ ಊದಿದ್ದ ಪದರ ಬೇಗಬೇಗ ಒಣಗಿ ಕುಗ್ಗುತ್ತದೆ. ಕೆನ್ನೆ ಬಿಗಿಯುವುದು ಹೀಗೆ. ಕೆರಟಿನ್‌ಗೆ ಅಂಟಿದ ಅಣುಗಳೆಲ್ಲ ಒಂದೆರಡು ಚೊಂಬು ನೀರಿಗೆ ಬಿಟ್ಟುಹೋಗುವುದಿಲ್ಲ. ಮಾರನೆಯ ಸ್ನಾನದಲ್ಲಿ ಅವುಗಳ ಜೊತೆಗೆ ಇನ್ನಷ್ಟು ಸೇರುತ್ತವೆ.

ಅಣು ಒಳಗೆ ಹೋಗುವುದಾದರೂ ಹೇಗೆ? ನೀರಿನಲ್ಲಿ ಸರ್ಫ್ಯಾಕ್ಟಂಟ್ ಕಡಿಮೆಯಿದ್ದಾಗ ಅಣುಗಳು ಒಂಟಿಯಾಗಿರುತ್ತವೆ. ಒಂದು ಮಿತಿ ದಾಟಿದರೆ ಎಣ್ಣೆ ಬಯಸುವ ಬಾಲಗಳನ್ನು ಒಳಗಿಟ್ಟುಕೊಂಡು ಉಂಡೆ ಕಟ್ಟುತ್ತವೆ. ಈ ಉಂಡೆಯ ಹೆಸರು ಮೈಸೆಲ್. ಸೋಡಿಯಂ ಲಾರಿಲ್ ಸಲ್ಫೇಟ್, ಅಂದರೆ ಎಸ್‌ಎಲ್‌ಎಸ್‌ಗೆ ಆ ಮಿತಿ ಲೀಟರಿಗೆ ಸುಮಾರು 8 ಮಿಲಿಮೋಲ್. ಮೈಸೆಲ್ ಗಾತ್ರ ದೊಡ್ಡದು, ಒಂಟಿ ಅಣುಗಳಷ್ಟೇ ಚರ್ಮ ಹೊಗುತ್ತವೆ ಎಂಬುದು ಆವರೆಗಿನ ಪಾಠ. ಅದು ಸರಿಯಿದ್ದರೆ ಮಿತಿ ದಾಟಿದ ಮೇಲೆ ಎಷ್ಟು ಎಸ್‌ಎಲ್‌ಎಸ್ ಸುರಿದರೂ ಚರ್ಮದೊಳಗೆ ಹೋಗುವ ಪ್ರಮಾಣ ಏರಬಾರದು. ಆದರೆ ಅದು ಏರುತ್ತಲೇ ಹೋಗುತ್ತಿತ್ತು.

ಎಂಐಟಿ ತಂಡ ವಿಕಿರಣಶೀಲ ಕಾರ್ಬನ್ನಿನ ಗುರುತು ಹಚ್ಚಿದ ಎಸ್‌ಎಲ್‌ಎಸ್ ಅನ್ನು ಹಂದಿಯ ಚರ್ಮದ ಮೇಲಿಟ್ಟು ಒಳಗೆ ಹೋದದ್ದನ್ನು ಅಳೆಯಿತು. ಎಸ್‌ಎಲ್‌ಎಸ್ ಮೈಸೆಲ್‌ನ ತ್ರಿಜ್ಯ ಸುಮಾರು 20 ಆಂಗ್‌ಸ್ಟ್ರಮ್. ಹೊರಪದರದಲ್ಲಿ ನೀರು ತುಂಬಿದ ಸೂಕ್ಷ್ಮ ರಂಧ್ರಗಳ ಸರಾಸರಿ ತ್ರಿಜ್ಯ 10ರಿಂದ 28. ಹಾಗಾಗಿ ಮೈಸೆಲ್ ಕೂಡ ನುಸುಳಬಲ್ಲದು ಎಂಬುದು ಅವರ ವಾದ. ಪಾಲಿಎಥಿಲೀನ್ ಆಕ್ಸೈಡ್ ಎಂಬ ಪಾಲಿಮರ್ ಬೆರೆಸಿದಾಗ ಅದಕ್ಕಂಟಿದ ಮೈಸೆಲ್‌ಗಳ ತ್ರಿಜ್ಯ 25ಕ್ಕೆ ಏರಿತು, ಚರ್ಮದೊಳಗೆ ಹೋಗುವ ಎಸ್‌ಎಲ್‌ಎಸ್ ಇಳಿಯಿತು; ಹಿಗ್ಗಿದ ಮೈಸೆಲ್ ರಂಧ್ರ ಹೊಗಲಾರದು ಎಂಬುದು ಅವರ ವಿವರಣೆ.

ಕಥೆ ಚೆನ್ನಾಗಿದೆ, ಆದರೆ ಲೆಕ್ಕ ಸ್ವಲ್ಪ ತೆಳುವಾಗಿದೆ. 28ರವರೆಗೂ ರಂಧ್ರಗಳಿದ್ದರೆ 25ರ ಮೈಸೆಲ್ ಪೂರ್ತಿ ತಡೆದುಹೋಗುವುದು ಹೇಗೆ? ರಂಧ್ರದ ಅಂಚಿಗೆ ಉಜ್ಜಿಕೊಂಡು ಸಾಗುವ ಕಣಕ್ಕೆ ಅಡ್ಡಿ ಹೆಚ್ಚು ಎಂಬ ಉತ್ತರ ಒಪ್ಪಬಹುದಾದದ್ದೇ, ಆದರೂ ಐದು ಆಂಗ್‌ಸ್ಟ್ರಮ್ ವ್ಯತ್ಯಾಸದ ಮೇಲೆ ಇಡೀ ವಾದ ನಿಂತಿದೆ. ಜೊತೆಗೆ ಮೈಸೆಲ್ ಗಟ್ಟಿ ಗೋಲಿಯಲ್ಲ, ಅದರಿಂದ ಅಣುಗಳು ಸದಾ ಹೊರಬಿದ್ದು ಮತ್ತೆ ಸೇರಿಕೊಳ್ಳುತ್ತಿರುತ್ತವೆ. ಅದು ಇಡಿಯಾಗಿ ರಂಧ್ರ ದಾಟಿತೋ, ಬಾಗಿಲಲ್ಲಿ ಒಡೆದು ಒಳಗೆ ಮತ್ತೆ ಕೂಡಿತೋ ಎಂಬುದನ್ನು ಈ ಪ್ರಯೋಗ ಕಣ್ಣಿಂದ ಕಂಡು ಹೇಳಿದ್ದಲ್ಲ.

2007ರಲ್ಲಿ ಸಾಸ್ವತ ಘೋಷ್ ಜೊತೆ ಬ್ಲ್ಯಾಂಕ್‌ಸ್ಟೈನ್ ಪ್ರಕಟಿಸಿದ ಪ್ರಬಂಧಗಳು ಈ ಕೊರತೆಯನ್ನು ಸಾಕಷ್ಟು ತುಂಬಿದವು. ಮೃದು ಸರ್ಫ್ಯಾಕ್ಟಂಟ್ ಎಂದು ಹೆಸರಾದ ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್‌ನ ಮೈಸೆಲ್ 33 ಆಂಗ್‌ಸ್ಟ್ರಮ್ ಮೀರಿತ್ತು, ಅದರ ಸಂಪರ್ಕದಲ್ಲಿದ್ದ ಚರ್ಮದ ರಂಧ್ರ ಸರಾಸರಿ 29. ಎಸ್‌ಎಲ್‌ಎಸ್‌ಗೆ ಲೆಕ್ಕ ತಿರುಗುಮುರುಗು: ಮೈಸೆಲ್ ಚಿಕ್ಕದು, ರಂಧ್ರ ದೊಡ್ಡದು. ಎಸ್‌ಎಲ್‌ಎಸ್ ದ್ರಾವಣಕ್ಕೆ ಗ್ಲಿಸರಿನ್ ಬೆರೆಸಿದರೆ ರಂಧ್ರಗಳು ಕಿರಿದಾಗಿ, ಸಂಖ್ಯೆಯಲ್ಲೂ ಕಡಿಮೆಯಾಗಿ ಹಾನಿ ತಗ್ಗುತ್ತದೆ ಎಂಬುದೂ ತಿಳಿಯಿತು. ಐಸೆಥಿಯೊನೇಟ್ ಆಧಾರದ ಬಾರ್‌ಗಳು ಅಮೆರಿಕದಲ್ಲಿ 1957ರಿಂದಲೇ, ಡವ್ ಹೆಸರಿನಲ್ಲಿ, ಮಾರಾಟವಾಗುತ್ತಿದ್ದವು. ಬಳಸಿದವರ ಅನುಭವಕ್ಕೆ ಐವತ್ತು ವರ್ಷದ ಮೇಲೆ ಒಂದು ಕಾರಣ ಸಿಕ್ಕಿತು.

ಈ ಸರಣಿಯ ದೊಡ್ಡ ಮಿತಿ ಬೇರೆಯದು. ಪ್ರಯೋಗಶಾಲೆಯ ಹಂದಿಚರ್ಮ ಗಂಟೆಗಟ್ಟಲೆ ದ್ರಾವಣದಲ್ಲಿರುತ್ತದೆ. ನಾವು ನೊರೆ ಹಚ್ಚಿ ಒಂದೆರಡು ನಿಮಿಷದಲ್ಲಿ ತೊಳೆಯುತ್ತೇವೆ. ಪ್ರಯೋಗದಲ್ಲಿದ್ದದ್ದು ಒಂದು ಸಲಕ್ಕೆ ಒಂದೇ ಸರ್ಫ್ಯಾಕ್ಟಂಟ್, ಬಾಟಲಿಯಲ್ಲಿರುವುದು ಹಲವು ಸರ್ಫ್ಯಾಕ್ಟಂಟ್‌ಗಳ ಮಿಶ್ರಣ. ಸಾಂಪ್ರದಾಯಿಕ ಸಾಬೂನಿನ ಪಿಎಚ್ 9ರಿಂದ 10, ಚರ್ಮದ್ದು 5ರ ಆಸುಪಾಸು. ಈ ಕ್ಷಾರವೊಂದೇ ಹೊರಪದರವನ್ನು ಊದಿಸಬಲ್ಲದು. ಕೋಲಾರದ ಕಡೆಯ ಬೋರ್‌ವೆಲ್ ನೀರಿನಲ್ಲಿ ಮೀಯುವವರಿಗೆ ಇನ್ನೊಂದು ಪಾಡು: ಗಡಸು ನೀರಿನ ಕ್ಯಾಲ್ಸಿಯಂ ಸಾಬೂನನ್ನು ಕರಗದ ಹಿಟ್ಟಾಗಿಸಿ ಬಕೆಟ್ಟಿನ ಅಂಚಿಗೂ ಮೈಗೂ ಮೆತ್ತುತ್ತದೆ. ಮೈಸೆಲ್ ಅಳತೆಯಲ್ಲಿ ಇದಕ್ಕೆಲ್ಲ ಜಾಗವಿಲ್ಲ.

ಆದರೂ ಈ ಕೆಲಸದ ಬೆಲೆ ನನಗೆ ಸ್ಪಷ್ಟವಾಗಿ ಕಾಣುವುದು ನಮ್ಮ ಅಂಗಡಿಯ ಸಾಬೂನಿನ ಕಾಗದ ಓದುವಾಗ. ಭಾರತೀಯ ಮಾನಕ ಸಂಸ್ಥೆಯ ಲೆಕ್ಕದಲ್ಲಿ ಒಟ್ಟು ಕೊಬ್ಬಿನಂಶ, ಅಂದರೆ ಟಿಎಫ್‌ಎಂ, 76 ಶೇಕಡ ಇದ್ದರೆ ಗ್ರೇಡ್ 1, 70 ಇದ್ದರೆ 2, 60 ಇದ್ದರೆ 3. ಪುಡಿ ತುಂಬಿ ತೂಕ ಹೆಚ್ಚಿಸಿದ ಸಾಬೂನಿನಿಂದ ಈ ಅಳತೆ ನಮ್ಮ ಜೇಬನ್ನು ಕಾಯುತ್ತದೆ. ಜನ ಮಾತ್ರ ಇದನ್ನು ಮೃದುತ್ವದ ಪ್ರಮಾಣಪತ್ರ ಎಂದು ಓದುತ್ತಾರೆ. ಸಾಬೂನಿನ ಕೊಬ್ಬು ಮೈಗೆ ಹಚ್ಚುವ ಎಣ್ಣೆಯಲ್ಲ, ಅದರ ಬಹುಪಾಲು ಈಗಾಗಲೇ ಸರ್ಫ್ಯಾಕ್ಟಂಟ್ ಆಗಿದೆ. ಹೆಚ್ಚು ನೊರೆ ಕೊಡುವ ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲದಲ್ಲಿ ಹನ್ನೆರಡು ಕಾರ್ಬನ್. ಎಸ್‌ಎಲ್‌ಎಸ್‌ನ ಬಾಲವೂ ಅಷ್ಟೇ ಉದ್ದ, ಚರ್ಮ ಕೆರಳಿಸುವುದರಲ್ಲಿ ಆ ಉದ್ದವೇ ಮುಂದೆ. ‘ನೈಸರ್ಗಿಕ’ ಎಂಬ ಮುದ್ರೆಯೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸೀಗೆಕಾಯಿಯ ಸಪೋನಿನ್ ಕೂಡ ಸರ್ಫ್ಯಾಕ್ಟಂಟೇ.

ಎಂಐಟಿಯ ಸಿದ್ಧಾಂತ ಒಣಚರ್ಮದ ಪೂರ್ಣ ವಿವರಣೆ ಅಲ್ಲ. ಆದರೆ ‘ಎಷ್ಟು’ ಎಂಬ ಪ್ರಶ್ನೆಯ ಪಕ್ಕದಲ್ಲಿ ‘ಯಾವುದು, ಯಾವ ಗಾತ್ರದ್ದು, ಯಾವುದರ ಜೊತೆ’ ಎಂಬ ಪ್ರಶ್ನೆಗಳನ್ನು ಅದು ತಂದು ನಿಲ್ಲಿಸಿತು, ನಮ್ಮ ಗ್ರೇಡ್ ಪದ್ಧತಿ ಆ ಪ್ರಶ್ನೆಗಳನ್ನು ಕೇಳುತ್ತಲೇ ಇಲ್ಲ. ಟಿಎಫ್‌ಎಂ ಪಕ್ಕದಲ್ಲಿ ಪಿಎಚ್ ಅನ್ನೂ ಚರ್ಮದ ಪರೀಕ್ಷೆಯ ಫಲಿತಾಂಶವನ್ನೂ ಕಡ್ಡಾಯವಾಗಿ ಅಚ್ಚುಹಾಕಿಸಬೇಕು. ಅಲ್ಲಿಯವರೆಗೆ ಒಣಚರ್ಮದವರು ಸಾಬೂನನ್ನು ಕಂಕುಳು, ತೊಡೆಸಂದು, ಪಾದಗಳಿಗೆ ಮೀಸಲಿಟ್ಟು, ಉಳಿದ ಮೈಗೆ ಉಗುರುಬೆಚ್ಚಗಿನ ನೀರು ಸಾಕೆಂದುಕೊಂಡು, ಮೈ ಇನ್ನೂ ಹಸಿಯಿರುವಾಗಲೇ ಮಾಯಿಶ್ಚರೈಸರ್ ಹಚ್ಚಿಕೊಳ್ಳಲಿ.