ಒಂದೇ ಚಿತ್ರ, ಹಲವು ಭಾಷೆ: ಬೀದರ್ ಸೀಮೆಯಲ್ಲಿ ಗೆಳೆಯರ ಕಾಮಿಕ್ಸ್ ವಿಮರ್ಶೆ

ಕಾಮಿಕ್ಸ್ ಓದುವವರು, ಪಾತ್ರ ವಹಿಸಿ ಆಡುವ ಆಟಗಳಲ್ಲಿ ಮುಳುಗಿದವರು, ಅನಿಮೆ ಎಂದು ಕರೆಯಲಾಗುವ ಜಪಾನಿನ ಚಲಿಸುವ ಚಿತ್ರಕಥೆಗಳನ್ನು ಬೆನ್ನುಹತ್ತಿ ನೋಡುವವರು ತಮ್ಮತಮ್ಮಲ್ಲಿ ನಡೆಸುವ ಚರ್ಚೆಯನ್ನು ಕನ್ನಡದ ವಿಮರ್ಶೆ ಬಹುಮಟ್ಟಿಗೆ ಹರಟೆಯೆಂದೇ ಎಣಿಸಿದೆ. ಆದರೆ ಒಂದು ಕೃತಿ ಎಲ್ಲಿ ಗೆದ್ದಿದೆ, ಎಲ್ಲಿ ಸೋತಿದೆ ಎಂಬುದನ್ನು ಕಾರಣ ಕೊಟ್ಟು ವಾದಿಸುವ ಮಾತು ಎಲ್ಲಿ ನಡೆದರೂ ವಿಮರ್ಶೆಯೇ ಆಗುವುದರಿಂದ, ಆ ಮಾತಿನ ಗುಣದೋಷಗಳನ್ನೂ ತೂಗಿ ನೋಡಬೇಕಾಗುತ್ತದೆ. ಇದಕ್ಕೆ ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ತಕ್ಕ ನೆಲೆಗಳು. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಅಕ್ಕಪಕ್ಕದ ಮನೆಗಳ ಭಾಷೆಗಳಾಗಿರುವುದರಿಂದ, ಒಂದೇ ಕಥೆಯನ್ನು ಮೆಚ್ಚಿದ ಇಬ್ಬರು ಗೆಳೆಯರು ಅದನ್ನು ಒಂದೇ ಭಾಷೆಯಲ್ಲಿ ಓದಿರಬೇಕೆಂದೇನೂ ಇಲ್ಲ.

ಈ ಸ್ಥಿತಿಯ ಮಹತ್ವವನ್ನು ಇಂದ್ರಜಾಲ್ ಕಾಮಿಕ್ಸ್ ಚೆನ್ನಾಗಿ ತೋರಿಸುತ್ತದೆ. ಟೈಮ್ಸ್ ಆಫ್ ಇಂಡಿಯಾದ ಪ್ರಕಾಶಕರು 1964ರ ಮಾರ್ಚ್‌ನಲ್ಲಿ ಆರಂಭಿಸಿದ ಈ ಮಾಲೆ 1990ರಲ್ಲಿ ನಿಂತುಹೋಯಿತು. ಅಮೆರಿಕದ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಅದರ ಪ್ರಮುಖ ನಾಯಕ. ಇಂಗ್ಲಿಷ್, ಹಿಂದಿ, ಮರಾಠಿಗಳಲ್ಲಿ ಬಂದ ಮಾಲೆ ಮುಂದೆ ಕನ್ನಡದಲ್ಲಿಯೂ ಬಂದಿತು. ಚಿತ್ರಗಳು ಎಲ್ಲ ಭಾಷೆಗಳಿಗೂ ಅವೇ. ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳೊಳಗಿನ ಬರಹ ಮಾತ್ರ ಬೇರೆ. ಫ್ಯಾಂಟಮ್ ವಾಸಿಸುವ ಬೆಂಗಾಲಾ ಎಂಬ ಕಲ್ಪಿತ ದೇಶದ ಹೆಸರು ಬಂಗಾಳವನ್ನು ನೆನಪಿಸೀತೆಂದು ಸಂಪಾದಕರು ಅದನ್ನು ಡೆಂಕಾಲಿ ಎಂದು ಬದಲಿಸಿದರು. ಅವನ ವಂಶದ ಹಗೆಗಳಾದ ಕಡಲ್ಗಳ್ಳರ ಸಿಂಗ್ ಎಂಬ ಹೆಸರನ್ನು, ಇಲ್ಲಿನ ಓದುಗರಿಗೆ ನೋವಾಗಬಾರದೆಂದು, ಸಿಂಗಾ ಎಂದು ತಿದ್ದಿದರು. ಬರಹ ಹೀಗೆ ಭಾಷೆಯಿಂದ ಭಾಷೆಗೆ ಬದಲಾಗುತ್ತಿದ್ದರೂ ಚಿತ್ರ ಅಚಲವಾಗಿ ಉಳಿಯಿತು. ಔರಾದಿನಲ್ಲಿ ಮರಾಠಿ ಪ್ರತಿ ಓದಿದವನಿಗೂ ಬೀದರಿನಲ್ಲಿ ಹಿಂದಿ ಪ್ರತಿ ಓದಿದವನಿಗೂ ಸಮಾನವಾಗಿ ಲಭ್ಯವಾಗುವ ಆಧಾರ ಆ ಚಿತ್ರವೇ ಆದ್ದರಿಂದ, ಇಂಥ ಗೆಳೆಯರ ವಾದ ಸಹಜವಾಗಿಯೇ ರೇಖೆಯ ಕಡೆಗೆ, ಒಂದು ಚೌಕದಿಂದ ಮುಂದಿನ ಚೌಕಕ್ಕೆ ಕಥೆ ಜಿಗಿಯುವ ಬಗೆಯ ಕಡೆಗೆ ಹೊರಳುತ್ತದೆ. ಚಿತ್ರಕಥೆಯನ್ನು ಕಥೆಯ ಸಾರಾಂಶಕ್ಕೆ ಇಳಿಸಿ ನೀತಿಯನ್ನಷ್ಟೇ ಹುಡುಕುವ ಶಾಲಾ ಓದಿಗಿಂತ ಈ ಓದು ಕೃತಿಯ ನಿಜವಾದ ಕಸುಬಿಗೆ ಹೆಚ್ಚು ಹತ್ತಿರವಾದುದು.

ಅಮರ ಚಿತ್ರ ಕಥೆಯ ವಿಷಯದಲ್ಲಿ ಈ ನೋಟ ಇನ್ನೂ ಆಳಕ್ಕೆ ಹೋಗಬಲ್ಲದು. ಸಂಪಾದಕ ಅನಂತ ಪೈ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ಮಾಲೆಯ ಮೊದಲ ಹತ್ತು ಸಂಚಿಕೆಗಳು ಸಿಂಡರೆಲಾ ಮುಂತಾದ ಪಾಶ್ಚಾತ್ಯ ಕಥೆಗಳಾಗಿದ್ದು, 1960ರ ದಶಕದಲ್ಲಿ ಬೆಂಗಳೂರಿನ ಪುಸ್ತಕೋದ್ಯಮಿ ಜಿ. ಕೆ. ಅನಂತರಾಮ್ ಅವರ ಯತ್ನದಿಂದ ಕನ್ನಡದಲ್ಲಿ ಹೊರಬಂದವು. ರಾಮ್ ವಾಯೀರ್ಕರ್ ಚಿತ್ರಿಸಿದ ಪ್ರಸಿದ್ಧ 'ಕೃಷ್ಣ' ಸಂಚಿಕೆಗೆ 11ನೆಯ ಸಂಖ್ಯೆ ಬಂದದ್ದು ಈ ಕಾರಣದಿಂದಲೇ. ಭಾರತದ ಅತ್ಯಂತ ಪ್ರಭಾವಶಾಲಿ ಚಿತ್ರಕಥಾ ಮಾಲೆ ಕನ್ನಡದಲ್ಲಿ ಕಣ್ತೆರೆಯಿತೆಂಬ ಸಂಗತಿಗೆ ಕನ್ನಡಿಗರು ಕೊಡಬೇಕಾದಷ್ಟು ಬೆಲೆ ಕೊಟ್ಟಿಲ್ಲ. ಈ ಮಾಲೆಯ ಸಂಚಿಕೆಗಳಲ್ಲಿ ರಾಕ್ಷಸರು ಮತ್ತೆ ಮತ್ತೆ ಕಪ್ಪು ಮೈಯ, ದಪ್ಪ ದೇಹದ ಆಕೃತಿಗಳಾಗಿ ಬರುವುದನ್ನು ವಿದ್ವಾಂಸರು ಟೀಕಿಸಿದ್ದಾರೆ. ಈ ದೋಷ ಕಾಣುವುದು ಮಾತಿನಲ್ಲಿ ಅಲ್ಲ, ಬಣ್ಣದಲ್ಲಿ. ಚಿತ್ರವನ್ನು ಚಿತ್ರವಾಗಿ ನೋಡಲು ಕಲಿತ ಗೆಳೆಯರ ಗುಂಪು ಅದನ್ನು ಪಾಂಡಿತ್ಯದ ನೆರವಿಲ್ಲದೆಯೂ ಹಿಡಿಯಬಲ್ಲದು.

ಪಾತ್ರ ವಹಿಸಿ ಆಡುವ ಆಟದ ಸಂಗತಿ ಬೇರೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಪ್ರಕಟಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ರೂಢಿಗೆ ಬಂದ ಈ ಪ್ರಕಾರದಲ್ಲಿ ಒಬ್ಬ ನಿರ್ವಾಹಕ ಸನ್ನಿವೇಶವನ್ನು ವಿವರಿಸುತ್ತಾನೆ, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ, ಫಲಿತಾಂಶ ಸಂದೇಹದಲ್ಲಿದ್ದಾಗ ದಾಳ ತೀರ್ಮಾನಿಸುತ್ತದೆ. ಉತ್ತರ ಕರ್ನಾಟಕದ ಜನಪದ ರಂಗಪ್ರಕಾರವಾದ ದೊಡ್ಡಾಟದಲ್ಲಿ ವೇಷಧಾರಿಗೆ ಪದ್ಯವೂ ಕಥೆಯ ಕೊನೆಯೂ ಮೊದಲೇ ಗೊತ್ತಿರುತ್ತವೆ. ಪಾತ್ರ ವಹಿಸಿ ಆಡುವ ಆಟದಲ್ಲಿ ಅವೆರಡೂ ಇಲ್ಲ. ಆಟ ಮುಗಿದ ಮೇಲೆ ಮರಳಿ ಓದಬಹುದಾದ ಪಠ್ಯ ಉಳಿಯುವುದಿಲ್ಲವಾದ್ದರಿಂದ ವಿಮರ್ಶಕರಾಗುವವರು ಆಡಿದವರೇ, ಅಂದರೆ ಕರ್ತೃಗಳೇ. ನಿಯಮ ಕೆಟ್ಟದಾಗಿತ್ತೇ, ನಿರ್ವಾಹಕ ಅದನ್ನು ಪಕ್ಷಪಾತದಿಂದ ಬಳಸಿದನೇ, ಅಥವಾ ಗೆಳೆಯನ ಆಯ್ಕೆಯೇ ತಪ್ಪಾಗಿತ್ತೇ ಎಂಬ ಮೂರು ಪ್ರಶ್ನೆಗಳನ್ನು ಬಿಡಿಸಿ ನೋಡುವುದು ಇಂಥ ಚರ್ಚೆಯ ಅತ್ಯಂತ ಕಠಿಣವಾದ, ಅತ್ಯಂತ ಗೌರವಾರ್ಹವಾದ ಭಾಗ. ಏಕೆಂದರೆ ಸ್ನೇಹವನ್ನು ಕೆಡಿಸದೆ ಸ್ನೇಹಿತನ ಆಟವನ್ನು ಟೀಕಿಸುವ ಶಿಸ್ತನ್ನು ಅದು ಬೇಡುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಯಾವ ವೀರ ಯಾವ ವೀರನನ್ನು ಸೋಲಿಸಿಯಾನು ಎಂಬ ವಾದ ಎಷ್ಟೇ ಬಿಸಿಯಾಗಿ ನಡೆದರೂ ಬಡವಾದುದು: ಅದು ಪಾತ್ರವನ್ನು ಅದರ ಕಥೆಯಿಂದ ಕಿತ್ತು ಬಲದ ಅಂಕಿಯಾಗಿಸುತ್ತದೆ, ಆ ಬಲಕ್ಕೆ ಕಥೆಯೊಳಗೆ ತೆತ್ತ ಬೆಲೆಯನ್ನು ಮರೆಯುತ್ತದೆ.

ಚಿತ್ರದ ಮೇಲೆ ನಿಂತ ಈ ವಿಮರ್ಶೆಗೆ ಒಂದು ದೊಡ್ಡ ಕೊರತೆಯೂ ಇದೆ, ಅದು ಮಾತಿನ ಬಗೆಗಿನ ಮೌನ. 1960ರ ದಶಕದಿಂದ ಕನ್ನಡ ಚಿತ್ರರಂಗ ಪರಭಾಷೆಯ ಚಿತ್ರಗಳಿಗೆ ಕನ್ನಡ ಮಾತು ಜೋಡಿಸುವ ಡಬ್ಬಿಂಗಿಗೆ ಒಡ್ಡಿದ ಅನಧಿಕೃತ ತಡೆಯನ್ನು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಅನುಚಿತವೆಂದು ತೀರ್ಮಾನಿಸುವ ಹೊತ್ತಿಗೆ, ಒಂದಕ್ಕಿಂತ ಹೆಚ್ಚು ತಲೆಮಾರು ಪರದೆಯ ಮೇಲಿನ ಅದ್ಭುತ ಕಥೆಗಳನ್ನು ಹಿಂದಿಯಲ್ಲೋ ತೆಲುಗಿನಲ್ಲೋ ನೋಡಿ ಬೆಳೆದಿತ್ತು. ದಖನಿ ಉರ್ದು ಬಲ್ಲ ಬೀದರಿನವರಿಗೆ ಹಿಂದಿ ಕಷ್ಟವಾಗದಿರುವುದರಿಂದ ಕನ್ನಡ ಮಾತು ಸಿಗದ ಆ ನಷ್ಟ ಇಲ್ಲಿ ನಷ್ಟವೆಂದೇ ತೋರಲಿಲ್ಲ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಸೀಮೆಯಲ್ಲಿ ಇದು ಉಪೇಕ್ಷಿಸಬಹುದಾದ ಸಂಗತಿಯಲ್ಲ. 2023ರ ಜೂನ್‌ನಲ್ಲಿ 'ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್' ಭಾರತದಲ್ಲಿ ಕನ್ನಡವೂ ಸೇರಿ 10 ಭಾಷೆಗಳಲ್ಲಿ ತೆರೆಕಂಡಿತು, 2004ರಲ್ಲಿ ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಜೀವನ್ ಕಾಂಗ್ ಸೃಷ್ಟಿಸಿದ ಭಾರತೀಯ ಸ್ಪೈಡರ್‌ಮ್ಯಾನ್ ಪವಿತ್ರ ಪ್ರಭಾಕರನೂ ಅದರಲ್ಲಿ ಕನ್ನಡದಲ್ಲಿ ಮಾತನಾಡಿದನು. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂದ ಅನಿಮೆ ಚಿತ್ರ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಜಪಾನಿ ಮತ್ತು ಇಂಗ್ಲಿಷ್ ಅಲ್ಲದೆ ಹಿಂದಿ, ತಮಿಳು, ತೆಲುಗುಗಳಲ್ಲಿ ಸಿಕ್ಕಿತೇ ಹೊರತು ಕನ್ನಡದಲ್ಲಿ ಅಲ್ಲ. ಆಸೆಯಿಂದ ಟಿಕೆಟ್ ಕೊಳ್ಳುವ ಈ ಗೆಳೆಯರೇ ಕನ್ನಡ ಸಂಭಾಷಣೆ ಚೆನ್ನಾಗಿದ್ದಾಗ ಯಾವ ಸಾಲು ಏಕೆ ಚೆನ್ನಾಗಿದೆಯೆಂದು, ಗ್ರಾಂಥಿಕವಾಗಿ ಒಣಗಿದಾಗ ಎಲ್ಲಿ ಒಣಗಿದೆಯೆಂದು, ಬೀದರ್ ಕಡೆಯ ಆಡುಮಾತು ಅಲ್ಲಿ ಹೇಗೆ ಹೊಂದುತ್ತಿತ್ತೆಂದು ಚೌಕ ಮತ್ತು ಬಣ್ಣದ ಬಗ್ಗೆ ವಾದಿಸುವಷ್ಟೇ ನಿಷ್ಠುರವಾಗಿ ವಾದಿಸಿದರೆ, ಅನುವಾದಕರಿಗೂ ಹಂಚಿಕೆದಾರರಿಗೂ ಇಂದು ಎಲ್ಲಿಂದಲೂ ದೊರೆಯದ ತಿಳಿವಳಿಕೆ ದೊರೆಯುತ್ತದೆ.