ಕಡತ ಓದುವ ಕಣ್ಣು ಯಾರದು?

ಕಡತವೂ ಒಂದು ಪಠ್ಯವೇ. ಅದಕ್ಕೂ ಒಬ್ಬ ಕರ್ತೃ ಇದ್ದಾನೆ. ಆ ಕರ್ತೃವಿಗೂ ಒಂದು ಬಣ್ಣ, ಒಂದು ಮನೆತನ, ಒಂದು ಊಟದ ರೀತಿ ಇದೆ. ಕತೆ, ಕಾವ್ಯಗಳನ್ನು ಓದುವಾಗ ನಾವು ಇಟ್ಟುಕೊಂಡ ಎಚ್ಚರವನ್ನು ಕಡತದ ವಿಷಯದಲ್ಲಿ ಇಟ್ಟುಕೊಂಡಿಲ್ಲ. ಒಂದು ಕೆಟ್ಟ ಕಾದಂಬರಿ ಹೆಚ್ಚೆಂದರೆ ಓದುಗನ ಅಭಿರುಚಿ ಕೆಡಿಸೀತು. ಒಂದು ಕೆಟ್ಟ ಕಡತ ತಾಯಿಯ ಮಡಿಲಿಂದ ಮಗುವನ್ನೇ ಎತ್ತಿಕೊಂಡು ಹೋಗುತ್ತೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಮಟ್ಟಿಗೆ ಇದು ಅಲಂಕಾರದ ಮಾತಲ್ಲ.

ಪಶ್ಚಿಮ ಆಸ್ಟ್ರೇಲಿಯಾದ 1905ರ ಕಾಯಿದೆ ‘ಮುಖ್ಯ ಸಂರಕ್ಷಕ’ ಎಂಬ ಅಧಿಕಾರಿಯನ್ನು ಹದಿನಾರರೊಳಗಿನ ಮೂಲನಿವಾಸಿ ಮಕ್ಕಳಿಗೆಲ್ಲ ಕಾನೂನುಬದ್ಧ ಪೋಷಕನನ್ನಾಗಿ ಮಾಡಿತು. ಹೆತ್ತವಳು ಕಣ್ಣೆದುರು ಬದುಕಿದ್ದರೂ ಪೋಷಕ ಮಾತ್ರ ಸರ್ಕಾರ. ನ್ಯೂ ಸೌತ್ ವೇಲ್ಸ್‌ನಲ್ಲಿ 1915ರ ತಿದ್ದುಪಡಿಯಾದ ಮೇಲೆ ಮಗುವನ್ನು ಒಯ್ಯಲು ಕೋರ್ಟಿನ ಅಪ್ಪಣೆಯೂ ಬೇಕಾಗಲಿಲ್ಲ. ರೊನಾಲ್ಡ್ ವಿಲ್ಸನ್, ಮಿಕ್ ಡಾಡ್ಸನ್ ಇವರ ಮುಂದಾಳುತನದಲ್ಲಿ ನಡೆದ ವಿಚಾರಣೆಯ ವರದಿ ‘ಬ್ರಿಂಗಿಂಗ್ ದೆಮ್ ಹೋಮ್’ 1997ರಲ್ಲಿ ಬಂತು. 1910ರಿಂದ 1970ರವರೆಗೆ ಹತ್ತು ಮಕ್ಕಳಲ್ಲಿ ಒಂದರಿಂದ ಹಿಡಿದು ಮೂರರಲ್ಲಿ ಒಂದರವರೆಗೆ ಹೀಗೆ ಬಲವಂತವಾಗಿ ಒಯ್ಯಲ್ಪಟ್ಟಿರಬಹುದು ಎಂಬುದು ಅದರ ಅಂದಾಜು. ಈ ಅಂದಾಜಿನ ಎರಡು ತುದಿಗಳ ನಡುವಿನ ಅಂತರವೇ ಒಂದು ಸಾಕ್ಷಿ. ಮಕ್ಕಳನ್ನು ಒಯ್ದವರು ಲೆಕ್ಕವನ್ನೂ ಸರಿಯಾಗಿ ಇಟ್ಟಿರಲಿಲ್ಲ.

ಡೋರಿಸ್ ಪಿಲ್ಕಿಂಗ್‌ಟನ್ ಗರಿಮಾರಾ 1996ರಲ್ಲಿ ಬರೆದ ‘ಫಾಲೋ ದಿ ರ‍್ಯಾಬಿಟ್-ಪ್ರೂಫ್ ಫೆನ್ಸ್’ ಪುಸ್ತಕವನ್ನು ನಾನು ಕ್ಲಾಸಿನಲ್ಲಿ ಪಾಠ ಮಾಡುತ್ತೇನೆ. 1931ರಲ್ಲಿ ಜಿಗಲಾಂಗಿನಿಂದ ಮೂರ್ ರಿವರ್ ವಸತಿಗೆ ಒಯ್ದ ಮೂವರು ಹುಡುಗಿಯರು ಅಲ್ಲಿಂದ ತಪ್ಪಿಸಿಕೊಂಡು, ಮೊಲಬೇಲಿಯ ಜಾಡು ಹಿಡಿದು ಸುಮಾರು 1600 ಕಿಲೋಮೀಟರ್ ನಡೆದ ಕತೆ ಇದು. ಒಬ್ಬಳು ದಾರಿಯಲ್ಲೇ ಸಿಕ್ಕಿಬಿದ್ದಳು, ಇಬ್ಬರು ಮನೆ ಸೇರಿದರು. ಸೇರಿದವರಲ್ಲಿ ಹಿರಿಯಳಾದ ಮಾಲಿಯೇ ಲೇಖಕಿಯ ತಾಯಿ. ಈ ಪುಸ್ತಕದೊಳಗೆ ಎರಡು ಭಾಷೆಗಳಿವೆ: ತಾಯಂದಿರ ಬಾಯಿಂದ ಬಂದ ನೆನಪು ಒಂದು, ಅಧಿಕಾರಿಗಳ ಪತ್ರವ್ಯವಹಾರ ಇನ್ನೊಂದು. ಲೇಖಕಿ ಎರಡನ್ನೂ ಅಕ್ಕಪಕ್ಕ ಇಡುತ್ತಾರೆ. ಕಡತದಲ್ಲಿ ‘ಓಡಿಹೋದವರು’ ಆಗಿರುವವರು ನೆನಪಿನಲ್ಲಿ ‘ಮನೆಗೆ ಹೊರಟವರು’. ನನ್ನ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸಾರ್, ಇಷ್ಟೆಲ್ಲಾ ಬರ‍್ದವ್ರು ಅವರ ಅಮ್ಮಂದಿರನ್ನ ಒಂದ್ಮಾತು ಯಾಕೆ ಕೇಳ್ಲಿಲ್ಲ?” ವಿಮರ್ಶೆಯ ಮೊದಲ ಪ್ರಶ್ನೆ ಅದೇ ಆಗಬೇಕಿತ್ತು.

ಕಾಲ ಬದಲಾದ ಹಾಗೆ ಕಡತದ ಪದಗಳೂ ಬದಲಾದವು. ‘ಬಣ್ಣ’ ಅಂತ ಬರೆಯುವುದು ನಿಂತು ‘ನಿರ್ಲಕ್ಷ್ಯ’ ಅಂತ ಬರೆಯುವುದು ಶುರುವಾಯಿತು. ನಿರ್ಲಕ್ಷ್ಯ ಎಂದರೇನು? ಮನೆ ತುಂಬ ಜನ, ಫ್ರಿಜ್ಜು ಖಾಲಿ, ಮಗು ಇವತ್ತು ಒಂದು ಮನೆಯಲ್ಲಿ, ನಾಳೆ ಇನ್ನೊಂದು ಮನೆಯಲ್ಲಿ. ಇದರಲ್ಲಿ ಎಷ್ಟು ಪಾಲು ಬಡತನ, ಎಷ್ಟು ಪಾಲು ಬಾಂಧವ್ಯ ಅಂತ ಬಿಡಿಸಿ ನೋಡದೆ ಒಂದೇ ಪದದಲ್ಲಿ ಕಟ್ಟಿಬಿಡುವುದು ಯಜಮಾನಿಕೆಯ ಓದು. ಅನೇಕ ಮೂಲನಿವಾಸಿ ಸಮುದಾಯಗಳಲ್ಲಿ ತಾಯಿಯ ಅಕ್ಕತಂಗಿಯರನ್ನೂ ತಾಯಿ ಎಂಬ ಪದದಿಂದಲೇ ಕರೆಯುತ್ತಾರೆ. ಇದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡಮ್ಮನಲ್ಲೂ ಅಮ್ಮ ಇದ್ದಾಳೆ, ಚಿಕ್ಕಮ್ಮನಲ್ಲೂ ಇದ್ದಾಳೆ. ಇಂಗ್ಲಿಷಿನ ‘ಆಂಟ್’ನಲ್ಲಿ ಆ ಅಮ್ಮ ಇಲ್ಲ. ಆ ಭಾಷೆಯಲ್ಲಿ ಬರೆದ ಕಡತಕ್ಕೆ, ದೊಡ್ಡಮ್ಮನ ಮನೆಯಲ್ಲಿ ಮಲಗಿದ ಮಗು ನೆಲೆಯಿಲ್ಲದ ಮಗುವಾಗಿ ಕಾಣುತ್ತೆ.

ಈ ಓದನ್ನು ತಿರುಗಿಸಿ ಹಾಕಿದವರು ನ್ಯೂಜಿಲೆಂಡಿನ ಮಾವೊರಿ ನರ್ಸ್ ಇರಿಹಾಪೆಟಿ ರಾಮ್ಸ್‌ಡೆನ್. 1980ರ ದಶಕದ ಕೊನೆಯಲ್ಲಿ ಅವರು ರೂಪಿಸಿದ ‘ಸಾಂಸ್ಕೃತಿಕ ಸುರಕ್ಷತೆ’ಯ ಪರಿಕಲ್ಪನೆಯನ್ನು 1992ರಲ್ಲಿ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಶಿಕ್ಷಣದ ಭಾಗ ಮಾಡಿತು. ಆಮೇಲೆ ಅದು ಆಸ್ಟ್ರೇಲಿಯಾದ ಮಕ್ಕಳ ಮತ್ತು ಕುಟುಂಬಗಳ ಕೆಲಸಕ್ಕೂ ಬಂತು. ಅವರ ವಾದ ಸರಳ. ಇನ್ನೊಬ್ಬರ ಸಂಸ್ಕೃತಿಯ ಬಗ್ಗೆ ನಾಲ್ಕು ವಿಷಯ ಕಲಿತ ಮಾತ್ರಕ್ಕೆ ಸೇವೆ ಸುರಕ್ಷಿತ ಆಗುವುದಿಲ್ಲ. ಸೇವೆ ಕೊಡುವವನು ಮೊದಲು ತನ್ನ ಸಂಸ್ಕೃತಿಯನ್ನು, ತನ್ನ ಕೈಯಲ್ಲಿರುವ ಅಧಿಕಾರವನ್ನು ನೋಡಿಕೊಳ್ಳಬೇಕು. ಸೇವೆ ಸುರಕ್ಷಿತವೋ ಅಲ್ಲವೋ ಎಂಬ ತೀರ್ಪು ಅದನ್ನು ಪಡೆದವರದು.

ದಲಿತ ವಿಮರ್ಶೆಗೆ ಇದು ಹೊಸ ಮಾತೇನಲ್ಲ. ಅನುಕಂಪದ ಸಾಹಿತ್ಯವನ್ನು ನಾವು ಪ್ರಶ್ನಿಸಿದ್ದು ಇದೇ ನೆಲೆಯಿಂದ. ನಮ್ಮ ನೋವಿನ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂತ ಹೇಳಬೇಕಾದವರು ಬರೆದವರ ನೆಂಟರಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬಂದೇ ಬರುತ್ತೆ. “ಹಂಗಾದ್ರೆ ಮಗು ಏಟು ತಿಂತಾ ಇದ್ರೂ ಸಂಸ್ಕೃತಿ ಅಂತ ಸುಮ್ನಿರಬೇಕಾ?” ಬೇಡ. ಕೇರಿಯೊಳಗೂ ಹಿಂಸೆ ಇದೆ, ಅದನ್ನು ಮುಚ್ಚಿಡುವುದು ನಮ್ಮ ಕೆಲಸವಲ್ಲ. ಆದರೆ 2007ರಲ್ಲಿ ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದಲ್ಲಿ ಆದದ್ದನ್ನು ನೋಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಪ್ಯಾಟ್ ಆಂಡರ್ಸನ್, ರೆಕ್ಸ್ ವೈಲ್ಡ್ ಒಂದು ವರದಿ ಕೊಟ್ಟರು. ಮೂಲನಿವಾಸಿಗಳ ಜೊತೆ ಕೂತು ಪ್ರಾಮಾಣಿಕವಾಗಿ ಸಮಾಲೋಚಿಸಿ ಎಂಬುದು ಅದರ ಮೊದಲ ಶಿಫಾರಸಿನಲ್ಲೇ ಇತ್ತು. ಕೇಂದ್ರ ಸರ್ಕಾರ ಮಾಡಿದ್ದೇನು? ಜನಾಂಗ ತಾರತಮ್ಯ ವಿರೋಧಿ ಕಾಯಿದೆಯನ್ನು ಪಕ್ಕಕ್ಕಿಟ್ಟು ಸೈನ್ಯ ಕಳಿಸಿತು. ಮಕ್ಕಳ ನೋವು ನಿಜವಾದದ್ದೇ. ಅದನ್ನು ಬಳಸಿಕೊಂಡು ನಡೆದ ಆಳ್ವಿಕೆಯೂ ಅಷ್ಟೇ ನಿಜ. ಈ ಎರಡನ್ನೂ ಒಟ್ಟಿಗೆ ಕಾಣುವ ಕಣ್ಣು ನಮಗೆ ಬೇಕು.

ದಾರಿ ಇಲ್ಲದೆ ಇಲ್ಲ. ಮಾಲಿ ಡೈಯರ್ ಎಂಬ ಹೆಣ್ಣುಮಗಳು 1970ರ ದಶಕದಲ್ಲಿ ವಿಕ್ಟೋರಿಯಾದಲ್ಲಿ ಮೂಲನಿವಾಸಿಗಳದೇ ಮಕ್ಕಳ ರಕ್ಷಣಾ ಸಂಸ್ಥೆ ಕಟ್ಟಲು ಮುಂದಾದರು. ಅಂಥ ಸಂಸ್ಥೆಗಳು ಹೋರಾಡಿ ಗೆದ್ದ ತತ್ವ ಒಂದಿದೆ. ಮೊದಲು ಮನೆ ಒಡೆಯದ ಹಾಗೆ ಕುಟುಂಬಕ್ಕೆ ಆಸರೆ ಕೊಡು. ಮಗುವನ್ನು ಬೇರೆ ಕಡೆ ಇಡಲೇಬೇಕಾದರೆ ಬಂಧುಗಳಲ್ಲಿ, ಇಲ್ಲವೇ ಸಮುದಾಯದಲ್ಲಿ ಇಡು. ತೀರ್ಮಾನದಲ್ಲಿ ಮಗುವಿಗೂ ಮನೆಯವರಿಗೂ ಮಾತು ಕೊಡು. ನೆಲದ, ನುಡಿಯ ನಂಟು ಕಡಿಯಬೇಡ. ಇದರ ಪ್ರಕಾರ ನಡೆಯುವ ಸಭೆಗಳಲ್ಲಿ ಅಜ್ಜಿಯರು, ಸೋದರಮಾವಂದಿರು ಸೇರಿ ಮಗುವಿನ ಯೋಜನೆ ಹಾಕುತ್ತಾರೆ. ವಿಕ್ಟೋರಿಯಾದ 2005ರ ಕಾಯಿದೆಯ 18ನೇ ಸೆಕ್ಷನ್ನು ಇಲಾಖೆಯ ಅಧಿಕಾರವನ್ನೇ ಮೂಲನಿವಾಸಿ ಸಂಸ್ಥೆಯ ಮುಖ್ಯಸ್ಥರ ಕೈಗೆ ಕೊಡಲು ಅವಕಾಶ ಮಾಡಿತು. ಅದು ಆಚರಣೆಗೆ ಬರಲು 2017 ಬರಬೇಕಾಯಿತು.

ತತ್ವ ಕಾನೂನಿಗೆ ಬಂತು, ಅಧಿಕಾರ ಮಾತ್ರ ಹನಿಹನಿಯಾಗಿ ಬಂತು. ಪ್ರಧಾನಿ ಕೆವಿನ್ ರಡ್ 2008ರ ಫೆಬ್ರವರಿ 13ರಂದು ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆದರೆ 1997ರಲ್ಲಿ ಮನೆಯಿಂದ ಹೊರಗಿಟ್ಟ ಮಕ್ಕಳಲ್ಲಿ ಐದಕ್ಕೆ ಒಂದು ಮೂಲನಿವಾಸಿ ಮಗುವಾಗಿದ್ದರೆ, ಇತ್ತೀಚಿನ ವರ್ಷಗಳಲ್ಲಿ ಅವರ ಪಾಲು ಶೇಕಡಾ 40 ದಾಟಿದೆ. ದೇಶದ ಒಟ್ಟು ಮಕ್ಕಳಲ್ಲಿ ಅವರು ಶೇಕಡಾ 6ರ ಆಸುಪಾಸು. 2014ರಲ್ಲಿ ಗನೆಡಾ ಎಂಬ ಊರಿನ ಅಜ್ಜಿಯರು ಮಕ್ಕಳನ್ನು ಒಯ್ಯುವುದರ ವಿರುದ್ಧ ಸಂಘ ಕಟ್ಟಿ ಬೀದಿಗಿಳಿದದ್ದು ಕ್ಷಮೆ ಕೇಳಿ ಆರು ವರ್ಷ ಆದಮೇಲೆ. ಸಭೆಯ ಮೊದಲು ನೆಲದ ಹಿರಿಯರನ್ನು ನೆನೆಯುವ ಅಧಿಕಾರಿ, ಸಭೆ ಮುಗಿದ ಮೇಲೆ ಹಳೆಯ ಪದಗಳಲ್ಲೇ ವರದಿ ಬರೆದರೆ ಅದನ್ನು ಸುರಕ್ಷತೆ ಅನ್ನಲು ಬರುವುದಿಲ್ಲ.

ದೂರ ದೇಶದ ಕತೆ ನಮಗ್ಯಾಕೆ ಅಂತೀರಾ? 1972ರಲ್ಲಿ ಮುಂಬಯಿಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟುವ ಹೊತ್ತಿಗೆ ಬ್ರಿಸ್ಬೇನಿನ ಮೂಲನಿವಾಸಿ ತರುಣರೂ ಅಮೆರಿಕದ ಕರಿಯರಿಂದ ಅದೇ ಹೆಸರು ತಗೊಂಡಿದ್ದರು. ಅದಕ್ಕಿಂತ ಹಳೆಯ ನಂಟೂ ಇದೆ. ಅದೇ ಬ್ರಿಟಿಷ್ ಸಾಮ್ರಾಜ್ಯ ಇಲ್ಲಿ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದಿತು. 1897ರ ತಿದ್ದುಪಡಿಯಿಂದ ಆ ಬುಡಕಟ್ಟುಗಳ ಮಕ್ಕಳನ್ನು ಹೆತ್ತವರಿಂದ ಬೇರೆ ಮಾಡಿ ಇಡುವ ಅಧಿಕಾರ ಪಡೆಯಿತು. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಆ ಕಾಲದ ಕಡತಗಳನ್ನು ಗರಿಮಾರಾ ಓದಿದ ಹಾಗೆ, ಮೊಮ್ಮಕ್ಕಳ ಕಣ್ಣಿಂದ ಓದುವ ಕೆಲಸ ಕನ್ನಡ ವಿಮರ್ಶೆಯಲ್ಲಿ ಇನ್ನೂ ಆಗಬೇಕಿದೆ.

ಚಳವಳಿಯ ಗೆಳೆಯರಲ್ಲಿ, ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಹಾಸ್ಟೆಲ್ಲಿನ ರಿಜಿಸ್ಟರು, ಬಾಲಮಂದಿರದ ವರದಿ, ಶಾಲೆ ಬಿಟ್ಟ ಮಕ್ಕಳ ಪಟ್ಟಿ ಕೈಗೆ ಸಿಕ್ಕರೆ ಪದಪದವಾಗಿ ಓದಿ. ‘ಅಶಿಸ್ತು’, ‘ನಿರಾಸಕ್ತ ಪೋಷಕರು’ ಎಂಬ ಪದಗಳ ಹತ್ತಿರ ನಿಲ್ಲಿ. ಆಮೇಲೆ ಆ ಪೋಷಕರ ಮನೆಗೇ ಹೋಗಿ, ಬರೆದದ್ದನ್ನು ಅವರಿಗೆ ಓದಿ ಹೇಳಿ, ಅವರು ಏನಂತಾರೆ ಕೇಳಿ. ಅವರ ಮಾತೂ ಅದೇ ಕಡತದೊಳಗೆ ಸೇರುವವರೆಗೆ ಆ ಪಠ್ಯ ಮುಗಿದಿಲ್ಲ.