ಬಂಡೆಗಿಂತ ಕಿರಿಯ ಕಲ್ಪ

ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ. ವಿಜ್ಞಾನಿಗಳು ಹೇಳುವ ಭೂಮಿಯ ವಯಸ್ಸು 454 ಕೋಟಿ ವರ್ಷ. ಇವೆರಡನ್ನು ಒಂದರ ಕೆಳಗೊಂದು ಬರೆದು, ‘ನಮ್ಮ ಋಷಿಗಳಿಗೆ ಇದು ಮೊದಲೇ ಗೊತ್ತಿತ್ತು’ ಎಂದು ಮುಗಿಸುವ ಸಂದೇಶ ಮೊಬೈಲಿಗೆ ಬಾರದ ಕನ್ನಡಿಗರು ಕಡಿಮೆ. ಪ್ರವಚನಗಳಲ್ಲಿ, ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲಿ ಕೂಡ ಇದು ತಲೆಹಾಕುತ್ತದೆ. ಇದರಲ್ಲಿ ಜಗಳವಿಲ್ಲ. ವಿಜ್ಞಾನವನ್ನು ಯಾರೂ ಬೈಯುವುದಿಲ್ಲ, ಪುರಾಣವನ್ನು ಯಾರೂ ಅಲ್ಲಗಳೆಯುವುದಿಲ್ಲ. ಎರಡೂ ಕಡೆಯವರು ಸಂತೋಷವಾಗಿ ಎದ್ದು ಹೋಗಬಹುದು. ಇಷ್ಟು ಸಜ್ಜನಿಕೆಯ ಸಮನ್ವಯವನ್ನು ಕೆದಕುವುದೇಕೆ? ಈ ಲೆಕ್ಕ ಪುರಾಣದ ಪ್ರಕಾರವೇ ತಪ್ಪು ಎಂಬ ಕಾರಣಕ್ಕೆ. ವಿಜ್ಞಾನದ ಮಾತು ಆಮೇಲೆ.

ಕಲಿಯುಗಕ್ಕೆ 4,32,000 ವರ್ಷ. ದ್ವಾಪರ, ತ್ರೇತಾ, ಕೃತಯುಗಗಳಿಗೆ ಅದರ ಎರಡು, ಮೂರು, ನಾಲ್ಕು ಪಟ್ಟು. ನಾಲ್ಕೂ ಕೂಡಿದರೆ 43,20,000 ವರ್ಷದ ಒಂದು ಮಹಾಯುಗ. ಅಂಥ ಸಾವಿರ ಮಹಾಯುಗಗಳಿಗೆ ಒಂದು ಕಲ್ಪ. 432 ಕೋಟಿ ಬರುವುದು ಹೀಗೆ. ಆದರೆ ಇದು ಬ್ರಹ್ಮನ ಹಗಲಿನ ಪೂರ್ತಿ ಉದ್ದ. ಆ ಹಗಲಲ್ಲಿ ಈಗ ಹೊತ್ತು ಎಷ್ಟಾಗಿದೆ ಎಂಬುದು ಬೇರೆ ಪ್ರಶ್ನೆ, ಅದಕ್ಕೂ ಸಂಪ್ರದಾಯದಲ್ಲಿ ಖಚಿತ ಉತ್ತರವಿದೆ. ಪೂಜೆಗೆ ಕೂತು ಸಂಕಲ್ಪ ಹೇಳಿದವರಿಗೆಲ್ಲ ಗೊತ್ತು: ಇದು ಶ್ವೇತವರಾಹ ಕಲ್ಪ, ಏಳನೆಯದಾದ ವೈವಸ್ವತ ಮನ್ವಂತರ, ಅದರ ಇಪ್ಪತ್ತೆಂಟನೆಯ ಮಹಾಯುಗದ ಕಲಿ, ಕಲಿಯ ಮೊದಲ ಪಾದ. ಒಂದು ಮನ್ವಂತರಕ್ಕೆ 71 ಮಹಾಯುಗ. ಕಳೆದುಹೋದ ಆರು ಮನ್ವಂತರ, ಮನ್ವಂತರಗಳ ಅಂಚಿನಲ್ಲಿ ಬರುವ ಏಳು ಸಂಧಿಕಾಲ, ಆಮೇಲಿನ 27 ಮಹಾಯುಗ, ಈಗಿನ ಮಹಾಯುಗದಲ್ಲಿ ಮುಗಿದ ಮೂರು ಯುಗ, ಕ್ರಿ.ಪೂ. 3102ರಿಂದ ಎಣಿಸುವ ಕಲಿಯ ಐದು ಸಾವಿರ ಚಿಲ್ಲರೆ ವರ್ಷ, ಇವನ್ನೆಲ್ಲ ಕೂಡಿಸಿ ನೋಡಿ. ಸಿಗುವುದು 197 ಕೋಟಿ 29 ಲಕ್ಷ 49 ಸಾವಿರ ಮತ್ತು ಸ್ವಲ್ಪ. ಪಂಚಾಂಗಗಳ ಮೊದಲ ಪುಟಗಳಲ್ಲಿ ಕಲ್ಪಾದಿ ಗತಾಬ್ದ ಎಂದು ಅಚ್ಚಾಗುವುದು ಇದೇ ಸಂಖ್ಯೆ. ಬ್ರಹ್ಮನ ಹಗಲು ಇನ್ನೂ ಮಧ್ಯಾಹ್ನ ಮುಟ್ಟಿಲ್ಲ. ಭೂಮಿಯ ವಯಸ್ಸು ಕೇಳಿದ್ದಕ್ಕೆ ನಾವು ಅದರ ಆಯಸ್ಸು ಹೇಳುತ್ತಿದ್ದೇವೆ.

ಈ ತಪ್ಪಿನ ಗಾತ್ರ ತಿಳಿಯಬೇಕಾದರೆ ಬೆಂಗಳೂರಿನ ಲಾಲ್‌ಬಾಗಿಗೆ ಹೋಗಬೇಕು. ಕೆಂಪೇಗೌಡ ಗೋಪುರವನ್ನು ಹೊತ್ತು ನಿಂತಿರುವ ಬೋಳು ಬಂಡೆ ಪೆನಿನ್ಸುಲರ್ ನೈಸ್ ಎಂಬ ಶಿಲೆಯದು. ಆ ಹೆಸರನ್ನು ಚಾಲ್ತಿಗೆ ತಂದವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯೂ. ಎಫ್. ಸ್ಮೀತ್, 1916ರಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ವಯಸ್ಸು ಸುಮಾರು 300 ಕೋಟಿ ವರ್ಷ. ಹಾಸನ ಜಿಲ್ಲೆಯ ಗೊರೂರಿನ ಆಸುಪಾಸಿನ ನೈಸ್ ಇನ್ನೂ ಹಳೆಯದು, 330 ಕೋಟಿಗೂ ಮೇಲೆ. ಅಂದರೆ ಬೆಳಗಿನ ವಾಯುವಿಹಾರಕ್ಕೆ ಬಂದವರು ಕಾಲು ಚಾಚಿ ಕೂರುವ ಈ ಕಲ್ಲು, ಪಂಚಾಂಗದ ಕಲ್ಪ ಶುರುವಾಗುವುದಕ್ಕಿಂತ ನೂರು ಕೋಟಿ ವರ್ಷ ಮೊದಲೇ ಗಟ್ಟಿಯಾಗಿ ಕೂತಿತ್ತು. 432ನ್ನು 454ರ ಪಕ್ಕ ಇಟ್ಟು ಖುಷಿಪಡುವವರು 197ನ್ನು ಈ ಬಂಡೆಯ ಪಕ್ಕ ಇಟ್ಟಿದ್ದನ್ನು ನಾನು ಎಲ್ಲೂ ಕಂಡಿಲ್ಲ.

ಹೋಗಲಿ, 432ನ್ನೇ ಒಪ್ಪೋಣ. ವ್ಯತ್ಯಾಸ ಬರೀ ಶೇಕಡಾ ಐದು ಎನ್ನುತ್ತಾರೆ. ಆ ಐದು ಅಂದರೆ 22 ಕೋಟಿ ವರ್ಷ. ಡೈನೋಸಾರ್‌ಗಳು ಹುಟ್ಟಿ, ಮೆರೆದು, ಅಳಿದು, ಭಾರತದ ಭೂಖಂಡ ದಕ್ಷಿಣದಿಂದ ತೇಲಿ ಬಂದು ಏಷ್ಯಾಕ್ಕೆ ಗುದ್ದಿ ಹಿಮಾಲಯ ಎದ್ದಿದ್ದೆಲ್ಲ ಹೆಚ್ಚುಕಡಿಮೆ ಇಷ್ಟೇ ಕಾಲದೊಳಗೆ. ಇನ್ನು ಸಂಪ್ರದಾಯದಲ್ಲಿರುವುದು ಒಂದೇ ಸಂಖ್ಯೆಯೂ ಅಲ್ಲ. ಹಳೆಯ ಖಗೋಳಗ್ರಂಥ ಸೂರ್ಯಸಿದ್ಧಾಂತದ ಪ್ರಕಾರ ಸೃಷ್ಟಿಕಾರ್ಯಕ್ಕೇ 1,70,64,000 ವರ್ಷ ಹಿಡಿಯಿತು. ಅದನ್ನು ಕಳೆದರೆ ಸುಮಾರು 195 ಕೋಟಿ 58 ಲಕ್ಷ ಉಳಿಯುತ್ತದೆ. ಸಂಧಿಕಾಲಗಳನ್ನು ಬಿಟ್ಟು ಎಣಿಸಿದ ದಯಾನಂದ ಸರಸ್ವತಿಯವರದು 196 ಕೋಟಿ ಚಿಲ್ಲರೆ. ಆರ್ಯಭಟನ ಕಲ್ಪದಲ್ಲಿ ಸಾವಿರದ ಬದಲು 1008 ಮಹಾಯುಗಗಳಿವೆ, ಅವನಲ್ಲಿ ನಾಲ್ಕು ಯುಗಗಳೂ ಸಮ; ಸ್ಮೃತಿಯನ್ನು ಮೀರಿದನೆಂದು ಬ್ರಹ್ಮಗುಪ್ತ 628ರಲ್ಲಿ ಅವನ ಮೇಲೆ ಹರಿಹಾಯ್ದಿದ್ದಾನೆ. ರಾತ್ರಿಯನ್ನೂ ಸೇರಿಸಿದರೆ 864 ಕೋಟಿ. ಬ್ರಹ್ಮನಿಗೆ ಐವತ್ತು ತುಂಬಿದೆ ಎಂಬ ನಂಬಿಕೆಯಂತೆ ಎಣಿಸಿದರೆ 155 ಲಕ್ಷ ಕೋಟಿ ದಾಟುತ್ತದೆ. ಇಷ್ಟು ಅಂಕಿಗಳ ನಡುವಿನಿಂದ, ಉತ್ತರ ಗೊತ್ತಾದ ಮೇಲೆ, ಅದಕ್ಕೆ ಹತ್ತಿರದ್ದನ್ನು ಹೆಕ್ಕಿ ತೆಗೆಯುವುದು ಮುನ್ನರಿವಿಗೆ ಸಾಕ್ಷಿಯಾಗುವುದಾದರೂ ಹೇಗೆ?

ಉತ್ತರ ಬದಲಾದರೆ ಹೆಕ್ಕುವ ಅಂಕಿಯೂ ಬದಲಾಗಬೇಕಾಗುತ್ತದೆ. ಲಾರ್ಡ್ ಕೆಲ್ವಿನ್ 1862ರಲ್ಲಿ, ಕಾದ ಗೋಳ ತಣ್ಣಗಾಗುವ ಲೆಕ್ಕದಲ್ಲಿ, ಭೂಮಿಗೆ 2ರಿಂದ 40 ಕೋಟಿ ವರ್ಷ ಕೊಟ್ಟಿದ್ದ. 1897ರ ಹೊತ್ತಿಗೆ ಅದನ್ನು 2ರಿಂದ 4 ಕೋಟಿಗೆ ಇಳಿಸಿದ. ಆಗ ಕಲ್ಪದ ಲೆಕ್ಕ ವಿಜ್ಞಾನಕ್ಕೆ ಎಲ್ಲಿಯೂ ತಾಳೆಯಾಗುತ್ತಿರಲಿಲ್ಲ. ವಿಕಿರಣಶೀಲತೆ ಗೊತ್ತಾದ ಮೇಲೆ ಆರ್ಥರ್ ಹೋಮ್ಸ್ 1913ರಲ್ಲಿ 160 ಕೋಟಿಗೆ ಏರಿದ. 1927ರಲ್ಲಿ 160ರಿಂದ 300 ಕೋಟಿ ಎಂದ. ಆ ವರ್ಷಗಳಲ್ಲಿ ಪಂಚಾಂಗದ 197 ಕೋಟಿ ಸೊಗಸಾಗಿ ಹೊಂದುತ್ತಿತ್ತು. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ 455 ಕೋಟಿ ಎಂದು ತೀರ್ಮಾನಿಸಿದ ಮೇಲೆ 197ರ ಉಪಯೋಗ ತೀರಿತು, 432ರ ಸರದಿ ಬಂತು. ಋಷಿಗಳ ಮಾತು ಇದ್ದಲ್ಲೇ ಇತ್ತು. ಬೆರಳು ತೋರಿಸುವ ಜಾಗ ಮಾತ್ರ ಬದಲಾಯಿತು.

ಖಗೋಳವಿಜ್ಞಾನಿ ಕಾರ್ಲ್ ಸಾಗನ್‌ನನ್ನು ಇಲ್ಲಿ ಸಾಕ್ಷಿಗೆ ಕರೆಯುವುದು ವಾಡಿಕೆ. 1980ರ ‘ಕಾಸ್ಮಾಸ್’ ಸರಣಿಯಲ್ಲಿ ಹಿಂದೂ ಕಾಲಮಾನದ ಅಗಾಧತೆಯನ್ನು ಅವನು ಮನಸಾರೆ ಮೆಚ್ಚಿದ್ದು ನಿಜ, ಅದು ಆಧುನಿಕ ವಿಶ್ವವಿಜ್ಞಾನದ ಅಳತೆಗೆ ಸಮೀಪವಿದೆ ಎಂದದ್ದೂ ನಿಜ. ಅದೇ ವಾಕ್ಯದಲ್ಲಿ, ಇದು ಆಕಸ್ಮಿಕವೆಂಬುದರಲ್ಲಿ ಅನುಮಾನವಿಲ್ಲ ಎಂಬ ಅರ್ಥದ ಮಾತನ್ನೂ ಸೇರಿಸಿದ್ದ. ಹಂಚಿಕೊಳ್ಳುವವರ ಕತ್ತರಿ ಬೀಳುವುದು ಅಲ್ಲಿಗೇ. ಆಕಸ್ಮಿಕಗಳು ಪ್ರಕೃತಿಯಲ್ಲಿ ಅಗ್ಗ. ಯುರೇನಿಯಂ 238ರ ಅರ್ಧಾಯು 447 ಕೋಟಿ ವರ್ಷ, ಭೂಮಿಯ ವಯಸ್ಸಿಗೆ ಕಲ್ಪಕ್ಕಿಂತ ಹತ್ತಿರ. ಇದರಲ್ಲಿ ಯಾರ ದಿವ್ಯದೃಷ್ಟಿಯನ್ನೂ ಯಾರೂ ಹುಡುಕಿಲ್ಲ.

ಹೀಗೆ ಹೊಂದಿಸುವಾಗ ವಿಜ್ಞಾನಕ್ಕೆ ಆಗುವ ನಷ್ಟವೆಂದರೆ, 454 ಎಂಬುದು ಆಕಾಶದಿಂದ ಬಿದ್ದ ಅಂಕಿಯಂತೆ ಕಾಣತೊಡಗುತ್ತದೆ. ಅದು ಸಿಕ್ಕಿದ ಬಗೆಯೇ ಅದರ ತಿರುಳು. ಜಿರ್ಕಾನ್ ಹರಳು ಹೆಪ್ಪುಗಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಹೊರಗೇ ಇಡುತ್ತದೆ. ಹಾಗಾಗಿ ಆಮೇಲೆ ಅದರೊಳಗೆ ಸಿಗುವ ಸೀಸ ಯುರೇನಿಯಂ ಕ್ಷಯಿಸಿ ಹುಟ್ಟಿದ್ದು. ಯುರೇನಿಯಂನ ಎರಡು ಐಸೊಟೋಪ್‌ಗಳು ಎರಡು ಬೇರೆ ವೇಗದಲ್ಲಿ ಸೀಸದ ಎರಡು ಬೇರೆ ಐಸೊಟೋಪ್‌ಗಳಾಗುವುದರಿಂದ ಒಂದೇ ಹರಳಿನಲ್ಲಿ ಎರಡು ಲೆಕ್ಕ ಸಿಗುತ್ತದೆ. ಒಂದು ಸುಳ್ಳಾಡಿದರೆ ಇನ್ನೊಂದು ಹಿಡಿದುಕೊಡುತ್ತದೆ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನ ಇಂಥ ಹರಳುಗಳಿಗೆ 440 ಕೋಟಿ ವರ್ಷ. ಆದರೆ ಭೂಮಿಯ ಮೊದಲ ಕಲ್ಲುಗಳು ಕರಗಿ, ಮಡಚಿ, ಕಾಣೆಯಾಗಿವೆ. ಆದ್ದರಿಂದ ಪ್ಯಾಟರ್ಸನ್ ಸೌರಮಂಡಲದ ಜೊತೆಗೇ ಹುಟ್ಟಿದ ಉಲ್ಕಾಶಿಲೆಗಳನ್ನು ಹಿಡಿದ. ಅರಿಝೋನಾದಲ್ಲಿ ಬಿದ್ದ ಕ್ಯಾನಿಯನ್ ಡಯಾಬ್ಲೊ ಉಲ್ಕೆಯಲ್ಲಿ ಯುರೇನಿಯಂ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆಯಿದ್ದ ಖನಿಜದಿಂದ ಆದಿಯ ಸೀಸದ ಪ್ರಮಾಣ ಸಿಕ್ಕಿತು. ಅಡ್ಡಿ ಬಂದದ್ದು ಎಲ್ಲೆಲ್ಲೂ ತುಂಬಿದ್ದ ಸೀಸ: ಗಾಳಿಯಲ್ಲಿ, ಧೂಳಿನಲ್ಲಿ, ಗಾಜಿನ ಪಾತ್ರೆಯಲ್ಲಿ, ಅವನದೇ ಕೂದಲಲ್ಲಿ. ಪ್ರಯೋಗಾಲಯವನ್ನು ಉಜ್ಜಿ ಉಜ್ಜಿ ತೊಳೆದು ವರ್ಷಗಟ್ಟಲೆ ಹೆಣಗಿದ. ಆ ಹೆಣಗಾಟದಿಂದಲೇ, ಪೆಟ್ರೋಲಿಗೆ ಬೆರೆಸುವ ಸೀಸ ಲೋಕವನ್ನೆಲ್ಲ ವಿಷಮಯ ಮಾಡುತ್ತಿದೆ ಎಂದು ಗೊತ್ತಾಗಿ, ಮುಂದಿನ ಬದುಕನ್ನು ಅದರ ವಿರುದ್ಧ ಹೋರಾಡುವುದರಲ್ಲಿ ಕಳೆದ. 1956ರಲ್ಲಿ ಅವನು ಬರೆದ ಸಂಖ್ಯೆಯ ಪಕ್ಕದಲ್ಲಿ 7 ಕೋಟಿ ಅತ್ತಿತ್ತ ಆಗಬಹುದು ಎಂಬ ಸೂಚನೆಯೂ ಇತ್ತು. ತಾನು ಎಷ್ಟು ತಪ್ಪಿರಬಹುದು ಎಂದು ತಾನೇ ಹೇಳುವ ಈ ಗುಣ ಹೊಂದಾಣಿಕೆಯ ಸಂದೇಶಗಳಲ್ಲಿ ಹುಡುಕಿದರೂ ಸಿಗದು.

ಸೂರ್ಯಸಿದ್ಧಾಂತದಂಥ ಗ್ರಂಥಗಳನ್ನು ಬರೆದ ಸಿದ್ಧಾಂತಕಾರರಿಗೆ ಆಗುವ ಅನ್ಯಾಯ ಇದಕ್ಕಿಂತ ದೊಡ್ಡದು ಅನ್ನಿಸುತ್ತದೆ ನನಗೆ. ಅವರಿಗೆ ಕಲ್ಪ ಏಕೆ ಬೇಕಾಯಿತು? ಗ್ರಹಗಳೆಲ್ಲ ಒಂದೇ ಬಿಂದುವಿನಿಂದ ಹೊರಟು, ಪ್ರತಿಯೊಂದೂ ಪೂರ್ಣ ಸಂಖ್ಯೆಯ ಸುತ್ತು ಮುಗಿಸಿ, ಮತ್ತೆ ಅಲ್ಲಿಗೇ ಬರುವಷ್ಟು ದೊಡ್ಡ ಅವಧಿ ಬೇಕಿತ್ತು. ಭಿನ್ನರಾಶಿಯ ಕಾಟವಿಲ್ಲದೆ ಲೆಕ್ಕ ಮಾಡಲು. ಸೂರ್ಯಸಿದ್ಧಾಂತದಲ್ಲಿ ಒಂದು ಮಹಾಯುಗಕ್ಕೆ ಶನಿಯ ಸುತ್ತು 1,46,568. ಭಾಗಿಸಿ ನೋಡಿದರೆ ಒಂದು ಸುತ್ತಿಗೆ 29.47 ವರ್ಷ; ಇಂದಿನ ಅಳತೆ 29.46. ಬರಿಗಣ್ಣಿನಿಂದ, ತಲೆಮಾರುಗಳ ತಾಳ್ಮೆಯಿಂದ ಬಂದ ಫಲ ಇದು. ಗ್ರಹದ ಮಂದೋಚ್ಚ, ಅಂದರೆ ಅದರ ದಾರಿಯ ಅತಿ ದೂರದ ಬಿಂದು, ಸರಿಯುವುದು ಇನ್ನೂ ನಿಧಾನ: ಶನಿಯ ಮಂದೋಚ್ಚಕ್ಕೆ ಇಡೀ ಕಲ್ಪದಲ್ಲಿ 39 ಸುತ್ತು. ಅದು ಪೂರ್ಣಾಂಕವಾಗಬೇಕಾದರೆ ಮಹಾಯುಗ ಸಾಲದು, ಕಲ್ಪವೇ ಬೇಕು. ಸೃಷ್ಟಿಗೆ ಹಿಡಿದ 1,70,64,000 ವರ್ಷ ಎಂಬ ವಿಚಿತ್ರ ಅಂಕಿಗೂ ಗಣಿತದ ಕಾರಣವಿದೆ: ಅದನ್ನು ಕಳೆದರೇನೇ ಕಲಿಯುಗದ ಆರಂಭಕ್ಕೆ ಗ್ರಹಗಳು ಒಂದೆಡೆ ಸೇರುತ್ತವೆ. ಆಕಾಶದ ಗಣಿತಕ್ಕಾಗಿ ಕಟ್ಟಿದ ಈ ಚೌಕಟ್ಟನ್ನು ಕಲ್ಲಿನ ವಯಸ್ಸು ಹೇಳುವ ಶಾಸನವೆಂದು ಓದಿದಾಗ, ಮೆಚ್ಚಬೇಕಾದ 29.47 ಮರೆಗೆ ಸರಿದು, ಮೆಚ್ಚಲು ಏನೂ ಇಲ್ಲದ 432 ವೇದಿಕೆ ಹತ್ತುತ್ತದೆ.

ಕ್ರೈಸ್ತ ಜಗತ್ತಿನಲ್ಲಿ ತೊಂದರೆ ಉಲ್ಟಾ ಇತ್ತು. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಸೃಷ್ಟಿಯ ದಿನ ಕ್ರಿ.ಪೂ. 4004ರ ಅಕ್ಟೋಬರ್ 23 ಎಂದು ಲೆಕ್ಕಹಾಕಿದ. ಆರು ಸಾವಿರ ವರ್ಷದೊಳಗೆ ಪರ್ವತ, ಪಳೆಯುಳಿಕೆಗಳನ್ನೆಲ್ಲ ತುಂಬುವುದು ಸಾಧ್ಯವಾಗದೆ ಪಾದ್ರಿಗಳೂ ಭೂವಿಜ್ಞಾನಿಗಳೂ ಇನ್ನೂರು ವರ್ಷ ಹಣ್ಣಾದರು. ನಮ್ಮ ಸಂಖ್ಯೆ ದೊಡ್ಡದಿದ್ದುದರಿಂದ ಆ ಸಂಕಟ ನಮಗೆ ಬರಲಿಲ್ಲ. ಕೋಟಿಗಳಿಗೆ ಬೆಚ್ಚದ ಕಿವಿ ನಮಗಿರುವುದು ಒಳ್ಳೆಯದೇ. ಆದರೆ ಸಂಕಟ ತಪ್ಪಿದ್ದರಿಂದ ಆ ಜಗಳದಲ್ಲಿ ಹುಟ್ಟಿದ ಯೋಚನೆಯೂ ನಮಗೆ ತಪ್ಪಿತು.

ಆ ಜಗಳದ ವಿಚಿತ್ರ ಫಲವೊಂದನ್ನು ಹೇಳಬೇಕು. ಫಿಲಿಪ್ ಹೆನ್ರಿ ಗಾಸ್ ಕಡಲತೀರದ ಜೀವಿಗಳನ್ನು ಬಲ್ಲ ಮೊದಲ ದರ್ಜೆಯ ನಿಸರ್ಗಶಾಸ್ತ್ರಜ್ಞ, ಕಡು ಆಸ್ತಿಕ. 1857ರಲ್ಲಿ ಅವನು ಬರೆದ ‘ಓಂಫಲಾಸ್’ನ ವಾದ ಇದು: ಜೀವ ಒಂದು ಚಕ್ರ, ದೇವರು ಅದನ್ನು ಎಲ್ಲಿಂದ ಶುರುಮಾಡಿದರೂ ಹಿಂದಿನ ಸುತ್ತಿನ ಗುರುತು ಇರಲೇಬೇಕು. ತಾಯಿಯಿಲ್ಲದ ಆದಮನಿಗೂ ಹೊಕ್ಕುಳು, ಬೆಳೆಯದೆ ಹುಟ್ಟಿದ ಮರಕ್ಕೂ ವಾರ್ಷಿಕ ಉಂಗುರ, ಹಾಗೆಯೇ ನಿನ್ನೆ ಸೃಷ್ಟಿಯಾದ ಬಂಡೆಯಲ್ಲಿ ಎಂದೂ ಬದುಕಿರದ ಪ್ರಾಣಿಗಳ ಪಳೆಯುಳಿಕೆ. ತರ್ಕದಲ್ಲಿ ಬಿರುಕಿಲ್ಲ, ಆದ್ದರಿಂದಲೇ ಪ್ರಯೋಜನವೂ ಇಲ್ಲ. ಯಾವ ಪುರಾವೆ ತಂದರೂ ಅದು ನುಂಗುತ್ತದೆ. ಲಾಲ್‌ಬಾಗಿನ ಬಂಡೆಯನ್ನು ಎದುರಿಗಿಟ್ಟರೆ ನಮ್ಮಲ್ಲೂ ಅಂಥ ಉತ್ತರ ಸಿದ್ಧವಿದೆ: ಕಲ್ಪದ ಕೊನೆಯಲ್ಲಿ ಭೂಮಿ ನೀರಲ್ಲಿ ಮುಳುಗುತ್ತದೆಯೇ ಹೊರತು ನಾಶವಾಗುವುದಿಲ್ಲ, ವರಾಹ ಎತ್ತಿದ್ದು ಹಳೆಯ ಭೂಮಿಯನ್ನೇ, ಹಾಗಾಗಿ ಈ ಕಲ್ಲು ಹಿಂದಿನ ಕಲ್ಪದ್ದು. ಪುರಾಣದ ದೃಷ್ಟಿಯಿಂದ ಇದು ಸರಿಯಾದ ಉತ್ತರವೇ. ಆದರೆ ಇದನ್ನು ಒಪ್ಪಿದ ಕ್ಷಣ 432ರ ಹೋಲಿಕೆ ಬಿದ್ದುಹೋಗುತ್ತದೆ. ಹಳೆಯ ಭೂಮಿಗೆ ಕಲ್ಪದ ವಯಸ್ಸು ಹಚ್ಚುವಂತಿಲ್ಲ. ಗಾಸ್‌ನ ಪುಸ್ತಕವನ್ನು ತಿರಸ್ಕರಿಸಿದವರಲ್ಲಿ ಅವನಿಗೆ ಹೆಚ್ಚು ನೋವು ಕೊಟ್ಟವನು ಪಾದ್ರಿ ಚಾರ್ಲ್ಸ್ ಕಿಂಗ್ಸ್‌ಲಿ. ದೇವರು ಬಂಡೆಗಳ ಮೇಲೆ ಅಷ್ಟು ದೊಡ್ಡ ಸುಳ್ಳು ಬರೆದಿದ್ದಾನೆಂದು ತಾನು ನಂಬಲಾರೆ ಎಂಬುದು ಅವನ ಪತ್ರದ ಸಾರ. ಅದು ಭಕ್ತನ ಆಕ್ಷೇಪ.

ಸಂಕಲ್ಪದ ಮೇಲೆ ನನ್ನ ತಕರಾರಿಲ್ಲ. ಕಲ್ಪದಿಂದ ಹಿಡಿದು ಮನ್ವಂತರ, ಯುಗ, ಶಕವರ್ಷ, ಸಂವತ್ಸರ, ತಿಥಿ, ಕೊನೆಗೆ ಗೋತ್ರ ಮತ್ತು ಹೆಸರಿಗೆ ಇಳಿಯುವ ಅದು, ಅಂಚೆಯ ವಿಳಾಸದ ಹಾಗೆ, ಕೂತವನು ಎಲ್ಲಿದ್ದಾನೆಂದು ಹೇಳುತ್ತದೆ. ಭೂಮಿಗೆ ಎಷ್ಟು ವಯಸ್ಸೆಂದು ಅದು ಹೇಳುವುದೂ ಇಲ್ಲ, ಪುರೋಹಿತರು ಕೇಳುವುದೂ ಇಲ್ಲ.

ಇನ್ನೊಂದು ಮಾತು. ಹೊಂದಾಣಿಕೆಯವರು ‘ನಮ್ಮ ಸಂಪ್ರದಾಯ’ ಎಂದು ಏಕವಚನದಲ್ಲಿ ಮಾತಾಡುತ್ತಾರೆ. ಕನ್ನಡನಾಡಿನ ಮಟ್ಟಿಗೂ ಅದು ಏಕವಚನವಲ್ಲ. ಅಮೋಘವರ್ಷನ ಗುರು ಜಿನಸೇನ ಒಂಬತ್ತನೆಯ ಶತಮಾನದಲ್ಲಿ ಬರೆದ ಸಂಸ್ಕೃತ ಆದಿಪುರಾಣ, 941ರಲ್ಲಿ ಪಂಪ ಕನ್ನಡಕ್ಕೆ ತಂದ ಕಥೆಯ ಮೂಲ, ಲೋಕಕ್ಕೆ ಕರ್ತನಿದ್ದಾನೆ ಎಂಬ ವಾದವನ್ನೇ ಸಾಲುಸಾಲಾಗಿ ಖಂಡಿಸುತ್ತದೆ. ಜೈನರಿಗೆ ಲೋಕ ಅನಾದಿ. ಅದಕ್ಕೆ ಹುಟ್ಟಿದ ದಿನವಿಲ್ಲ. ಭೂಮಿಗೆ ಹುಟ್ಟಿದ ಕಾಲವಿದೆ ಎನ್ನುವ ಭೂವಿಜ್ಞಾನದ ಎದುರು ಆ ನಂಬಿಕೆಗೆ ಪಕ್ಕದಲ್ಲಿಟ್ಟು ತೋರಿಸಲು ಒಂದು ಅಂಕಿಯೂ ಇಲ್ಲ. ಅನಾದಿ ಎಂದರೆ ಈ ಗೋಳವೋ, ದ್ರವ್ಯವೋ, ಕಾಲವೋ ಎಂದು ಕೂತು ವಾದಿಸಬೇಕಾಗುತ್ತದೆ, ಜಿನಸೇನ ತನ್ನ ಎದುರಾಳಿಗಳೊಡನೆ ವಾದಿಸಿದ ಹಾಗೆ.